ಅಕ್ಟೋಬರ್ 2ರ ಮೂರನೇ ಹುಟ್ಟುಹಬ್ಬ

(1/8)

ಸ್ವೈಪ್ ಮಾಡೋದಕ್ಕೆ ಮೊದಲು ಒಂದು ಸಣ್ಣ ಪ್ರಶ್ನೆ. ಅಕ್ಟೋಬರ್ 2 ಯಾರ ಹುಟ್ಟಿದ ದಿನ?

ಗಾಂಧೀಜಿ ಅಂತೀರ. ಸ್ವಲ್ಪ ಜಿಕೆ ಓದಿಕೊಂಡವರು ಲಾಲ್ ಬಹದ್ದೂರ್ ಶಾಸ್ತ್ರಿ ಅಂತಾನೂ ಸೇರಿಸ್ತೀರ. ಎರಡೂ ಸರಿ. ಆದರೆ ಮೂರನೇದು ಒಂದಿದೆ. ನಮ್ಮಲ್ಲಿ ತುಂಬಾ ಜನ ಜೀವನದಲ್ಲಿ ಮೊದಲ ಸಲ ಅಮ್ಮನ ಸೆರಗು ಬಿಟ್ಟು, ಚಾಪೆ ಮೇಲೆ ಕೂತು, ಜೋರಾಗಿ ಅತ್ತ ಜಾಗ ಇದೆಯಲ್ಲ, ಅದರ ಹುಟ್ಟುಹಬ್ಬ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ಐಸಿಡಿಎಸ್ ಶುರುವಾಯಿತು. ನಮ್ಮ ಬಾಯಲ್ಲಿ ಅಂಗನವಾಡಿ. ಊರಿನ ಅಜ್ಜಿಯರ ಬಾಯಲ್ಲಿ ಇವತ್ತಿಗೂ 'ಬಾಲ್ವಾಡಿ'.

ಕಳೆದ ವರ್ಷ, 2025ರಲ್ಲಿ, ಅದಕ್ಕೆ 50 ತುಂಬಿತು. ನಿಮ್ಮ ಸ್ಟೇಟಸ್‌ನಲ್ಲಿ ಯಾರಾದರೂ ಹಾಕಿದ್ರಾ? ನಾನೂ ಹಾಕಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ನಮ್ಮ ದೊಡ್ಡಮ್ಮ ಅಂಗನವಾಡಿ ಕಾರ್ಯಕರ್ತೆ. ಅವರ ಮನೆಯಲ್ಲೇ ಅರ್ಧ ಬೆಳೆದ ನನಗೇ ಗೊತ್ತಿರಲಿಲ್ಲ.

ಈ ಪೋಸ್ಟ್‌ನ ಫೋಟೋ ನೋಡಿ. 2009ರ ಆಗಸ್ಟ್ 15. ಮಧ್ಯದಲ್ಲಿ ಕಿರೀಟ ಜಾರಿ ಕಣ್ಣಿಗೆ ಬಂದಿರೋ ಭಾರತಮಾತೆ ನಾನೇ. ಪಕ್ಕದಲ್ಲಿ ಮೀಸೆ ಬರೆಸಿಕೊಂಡ ಸುಭಾಷ್ ಚಂದ್ರ ಬೋಸ್ ಅಳ್ತಾ ಇದ್ದಾನೆ. ಹಿಂದೆ ಕುರ್ಚಿಗಳಲ್ಲಿ ಊರಿನ ದೊಡ್ಡವರು. ಎಡಗಡೆ ತುದಿಯಲ್ಲಿ ಹಸಿರು ಬಳೆ ಹಾಕಿದ ಒಂದು ಕೈ ಮಾತ್ರ ಕಾಣುತ್ತೆ, ನನ್ನ ಬಾವುಟ ಬೀಳದ ಹಾಗೆ ಹಿಡ್ಕೊಂಡಿದೆ. ಅದು ದೊಡ್ಡಮ್ಮ. ಆ ದಿನದ ಅಷ್ಟೂ ಫೋಟೋ ಹುಡುಕಿದೆ, ಅವರ ಮುಖ ಒಂದರಲ್ಲೂ ಇಲ್ಲ.

ಈ ಸರಣಿ ಆ ಕೈ ಬಗ್ಗೆ. ಬಿಕಾಂ ಓದೋಳು ಇತಿಹಾಸ ಯಾಕೆ ಬರೀತಾಳೆ ಅಂತ ಕೇಳ್ಬೇಡಿ, ಕೊನೆಗೆ ಲೆಕ್ಕನೂ ಬರುತ್ತೆ.

(2/8)

ಮೊದಲು ಹೆಸರು. ಅಂಗಣ ಅಂದರೆ ನಮ್ಮ ಅಂಗಳವೇ. ಮಕ್ಕಳನ್ನ ಕೂರಿಸೋಕೆ ಕಟ್ಟಡವೇ ಬೇಕು ಅಂತಿಲ್ಲ, ಅಂಗಳ ಸಾಕು ಅನ್ನೋ ಯೋಚನೆ ಹೆಸರಲ್ಲೇ ಇದೆ. ಈ ಯೋಚನೆ ಸರ್ಕಾರಿ ಕಡತದಲ್ಲಿ ಹುಟ್ಟಿದ್ದಲ್ಲ. ಅದಕ್ಕೆ ನಾವು ಗುಜರಾತಿನ ಭಾವನಗರಕ್ಕೆ ಹೋಗಬೇಕು.

ಗಿಜುಭಾಯಿ ಬಧೇಕಾ ಅಂತ ಒಬ್ಬ ವಕೀಲರು. ಹುಟ್ಟಿದ್ದು 1885ರ ನವೆಂಬರ್ 15. ಸ್ವಲ್ಪ ಕಾಲ ಆಫ್ರಿಕಾದಲ್ಲೂ ಇದ್ದು ಬಂದವರು. ಕೋರ್ಟು, ಕರಿಕೋಟು, ಒಳ್ಳೆ ಸಂಪಾದನೆ. ಆಮೇಲೆ ಅವರಿಗೆ ಮಗ ಹುಟ್ಟಿದ. ಆ ಮಗುವನ್ನ ಹೇಗೆ ಬೆಳೆಸಬೇಕು ಅಂತ ಹುಡುಕ್ತಾ ಹುಡುಕ್ತಾ ಇಟಲಿಯ ಮರಿಯಾ ಮಾಂಟೆಸರಿ ಬರೆದದ್ದನ್ನ ಓದಿದರು. ಓದಿ ಸುಮ್ಮನಾಗಲಿಲ್ಲ. ವಕೀಲಿ ಬಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿದರು. 1920ರ ಆಗಸ್ಟ್ 1ರಂದು ಅಲ್ಲಿ ಬಾಲಮಂದಿರ ತೆರೆದರು. ಮೂರು, ನಾಲ್ಕು ವರ್ಷದ ಮಕ್ಕಳಿಗೆ ಆಟ, ಹಾಡು, ಕಥೆ, ತೋಟದ ಕೆಲಸ. ಹೊಡೆತ ಇಲ್ಲ. ದೊಡ್ಡ ಮೀಸೆಯ ಮನುಷ್ಯ, ಅಮ್ಮನ ಹಾಗೆ ನೋಡ್ಕೋತಾರೆ ಅಂತ ಜನ ಅವರನ್ನ 'ಮೀಸೆಯ ಅಮ್ಮ' ಅಂತ ಕರೆದರು.

ಗಿಜುಭಾಯಿ ಬರೀ ಶಿಕ್ಷೆಗೆ ವಿರೋಧ ಅಲ್ಲ, ಬಹುಮಾನಕ್ಕೂ ವಿರೋಧ. ಒಂದು ಮಗುವಿಗೆ ಮೊದಲನೇ ಬಹುಮಾನ ಕೊಟ್ಟರೆ ಉಳಿದವರಿಗೆ ನೀವು ಸೋತವರು ಅಂತ ಹೇಳಿದ ಹಾಗಲ್ವಾ ಅನ್ನೋ ಲೆಕ್ಕ. ಇದನ್ನ ಓದಿದಾಗ ನನಗೆ ನಗು ಬಂತು, ಆಮೇಲೆ ಸ್ವಲ್ಪ ಬೇಜಾರಾಯ್ತು. ನಮ್ಮ ಈಗಿನ ವೇಷಭೂಷಣ ಸ್ಪರ್ಧೆಗಳಲ್ಲಿ ಮೂರು ವರ್ಷದ ಕೂಸುಗಳಿಗೆ ಫಸ್ಟ್, ಸೆಕೆಂಡ್, ಥರ್ಡ್ ಕೊಡ್ತೀವಿ. ಮೇಲಿನ ಫೋಟೋದಲ್ಲಿ ಸುಭಾಷ್ ಚಂದ್ರ ಬೋಸ್ ಅತ್ತಿದ್ದು ಅದಕ್ಕೇ. ನನಗೆ ಸ್ಟೀಲ್ ಲೋಟ ಬಂತು, ಅವನಿಗೆ ಬರಲಿಲ್ಲ.

(3/8)

ಇದು ಚಿಕ್ಕ ಪೋಸ್ಟ್, ಒಂದು ಹುಟ್ಟುಹಬ್ಬದ ಕಥೆ.

ಗಿಜುಭಾಯಿ ತೀರಿಕೊಂಡಿದ್ದು 1939ರ ಜೂನ್‌ನಲ್ಲಿ. ಅವರ ಜೀವನವನ್ನೇ ಬದಲಾಯಿಸಿದ ಮಾಂಟೆಸರಿ ಭಾರತಕ್ಕೆ ಬಂದಿದ್ದು ಅದೇ ವರ್ಷ ನವೆಂಬರ್‌ನಲ್ಲಿ. ಐದೇ ತಿಂಗಳು ಹೆಚ್ಚುಕಮ್ಮಿ.

ಮದ್ರಾಸಿನ ಅಡ್ಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ಕೊಡೋಕೆ ಅಂತ ಅವರು ಬಂದಿದ್ದು, ಮಗ ಮಾರಿಯೋ ಜೊತೆ. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕೆ ಇಳಿಯಿತು. ಬ್ರಿಟಿಷರ ಕಣ್ಣಿಗೆ ಇವರು ಶತ್ರು ದೇಶದವರು. ಮಾರಿಯೋನನ್ನ ಹಿಡಿದು ಅಹಮದ್‌ನಗರದ ಶಿಬಿರಕ್ಕೆ ಹಾಕಿದರು, ತಾಯಿ ಅಡ್ಯಾರ್ ಬಿಟ್ಟು ಹೋಗೋ ಹಾಗಿಲ್ಲ ಅಂದರು. ಮಾರಿಯೋ ಆಕೆಗೆ ಮದುವೆಗೆ ಮೊದಲೇ ಹುಟ್ಟಿದ ಮಗ. ಆ ಕಾಲದಲ್ಲಿ ಅದನ್ನ ಹೇಳಿಕೊಳ್ಳೋಕೆ ಆಗುತ್ತಾ? ಎಷ್ಟೋ ವರ್ಷ ಸಾಕುಮಗ ಅಂತ, ಸಂಬಂಧಿಕ ಅಂತ ಹೇಳಿಕೊಂಡೇ ಬಂದಿದ್ದರು. 1940ರ ಆಗಸ್ಟ್ 31ಕ್ಕೆ ಆಕೆಗೆ 70 ತುಂಬಿತು. ಅವತ್ತು ವೈಸ್‌ರಾಯ್ ಕಡೆಯಿಂದ ತಂತಿ ಬಂತು. ಹುಟ್ಟುಹಬ್ಬದ ಉಡುಗೊರೆಯಾಗಿ ನಿಮ್ಮ ಮಗನನ್ನ ವಾಪಸ್ ಕಳಿಸ್ತಾ ಇದ್ದೀವಿ ಅಂತ. 'ಮಗ' ಅಂತಲೇ ಇತ್ತು ಅದರಲ್ಲಿ.

ಒಂದು ವಿಶೇಷ ದಿನ ಅಂದರೆ ಕೇಕ್, ಬಲೂನ್ ಅಂದುಕೊಂಡಿದ್ದ ನನಗೆ ಇದು ತುಂಬ ದಿನ ತಲೆಯಲ್ಲೇ ಕೂತಿತ್ತು. ಸರಿ, ಮುಂದಕ್ಕೆ ಹೋಗೋಣ.

(4/8)

ಗಿಜುಭಾಯಿ ಜೊತೆ ಭಾವನಗರದಲ್ಲಿ ಕೆಲಸ ಮಾಡಿದವರು ತಾರಾಬಾಯಿ ಮೋಡಕ್. 1926ರಲ್ಲಿ ಇಬ್ಬರೂ ಸೇರಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದರು. ಬಾಲಮಂದಿರ ಚೆನ್ನಾಗಿ ನಡೀತಿತ್ತು. ಆದರೆ ತಾರಾಬಾಯಿಗೆ ಒಂದು ಮುಳ್ಳು ಚುಚ್ತಾನೇ ಇತ್ತು. ಇದೆಲ್ಲ ಪೇಟೆಯ ಉಳ್ಳವರ ಮಕ್ಕಳಿಗಾಯ್ತು. ಬಡವರ ಮಕ್ಕಳಿಗೆ? ಮಾಂಟೆಸರಿ ಸಾಮಾನುಗಳೆಲ್ಲ ದುಬಾರಿ. ಹಳ್ಳಿಯಲ್ಲಿ ಅದನ್ನ ತಂದುಕೊಡೋರು ಯಾರು?

1945ರಲ್ಲಿ ಅವರು ಮಹಾರಾಷ್ಟ್ರದ ಕರಾವಳಿಯ ಬೋರ್ಡಿ ಅನ್ನೋ ಹಳ್ಳಿಗೆ ಬಂದು ಗ್ರಾಮ ಬಾಲ ಶಿಕ್ಷಾ ಕೇಂದ್ರ ತೆರೆದರು. ಜೊತೆಗೆ ಬಂದವರು ಅನುತಾಯಿ ವಾಘ್. ಬಾಲ್ಯದಲ್ಲೇ ಮದುವೆ, ಸ್ವಲ್ಪ ದಿನಕ್ಕೇ ವಿಧವೆ, ಆಮೇಲೆ ಹಟ ಹಿಡಿದು ಓದಿ ಟೀಚರ್ ಆದ ಹೆಂಗಸು. ಇವರಿಬ್ಬರೂ ಬಾಲವಾಡಿ ತೆರೆದು ಕೂತರು. ಬಡ ಕೇರಿಯ ಮಕ್ಕಳು ಬರಲೇ ಇಲ್ಲ.

ಯಾಕೆ ಬರಲಿಲ್ಲ ಅಂತ ಮಕ್ಕಳ ಮೇಲೆ, ಅಪ್ಪ ಅಮ್ಮನ ಮೇಲೆ ರೇಗಬಹುದಿತ್ತು. ಇವರು ರೇಗಲಿಲ್ಲ. ಮಕ್ಕಳು ಶಾಲೆಗೆ ಬರಲ್ಲ ಅಂದರೆ ಶಾಲೆಯೇ ಮಕ್ಕಳ ಹತ್ತಿರ ಹೋಗಲಿ ಅಂದರು. ಕೇರಿಗೇ ಹೋಗಿ ಯಾರದೋ ಮನೆ ಅಂಗಳದಲ್ಲಿ ಕೂತರು. ಮಕ್ಕಳ ಮುಖ ತೊಳೆಸೋದು, ತಲೆ ಬಾಚೋದು, ಹಾಡು ಹೇಳೋದು. ದುಬಾರಿ ಸಾಮಾನಿನ ಬದಲು ಕಲ್ಲು, ಬೀಜ, ಎಲೆ, ಚಿಪ್ಪು. ಎಣಿಸೋಕೆ ಹುಣಸೆಬೀಜಕ್ಕಿಂತ ಚೆನ್ನಾಗಿರೋದು ಏನಿದೆ ಹೇಳಿ? ಅಂಗಳದಲ್ಲಿ ನಡೆದ ವಾಡಿ, ಅಂಗಣವಾಡಿ. 1957ರಲ್ಲಿ ಕೇಂದ್ರ ಹತ್ತಿರದ ಕೋಸ್‌ಬಾಡ್ ಗುಡ್ಡಕ್ಕೆ ಹೋಯಿತು, ವಾರ್ಲಿ ಆದಿವಾಸಿಗಳ ನಡುವೆ. ಅಲ್ಲಿ ಮಕ್ಕಳು ದನ ಮೇಯಿಸೋಕೆ ಹೋಗ್ತಿದ್ದರಿಂದ ಹುಲ್ಲುಗಾವಲಿನಲ್ಲೇ ಶಾಲೆ ಮಾಡಿದರು.

ತಾರಾಬಾಯಿಗೆ 1962ರಲ್ಲಿ ಪದ್ಮಭೂಷಣ ಬಂತು, ಅನುತಾಯಿಗೆ 1985ರಲ್ಲಿ ಪದ್ಮಶ್ರೀ. ಸಂತೋಷ. ಆದರೆ ನನಗೆ ಹೆಚ್ಚು ಇಷ್ಟ ಆಗಿದ್ದು ಬೇರೆ ವಿಷಯ. ಯಾವ ಅಂಗಳದಲ್ಲಿ ಇದು ಶುರುವಾಯ್ತೋ, ಆ ಮನೆಯಾಕೆ ಅವತ್ತು ಬೆಳಿಗ್ಗೆ ಕಸ ಗುಡಿಸಿ ಜಾಗ ಬಿಟ್ಟುಕೊಟ್ಟಿರಬೇಕಲ್ವಾ? ಯಾವ ಪದ್ಮ ಪಟ್ಟಿಯಲ್ಲೂ ಆಕೆ ಇರಲ್ಲ, ಆದರೆ ಆಕೆ ಬೇಡ ಅಂದಿದ್ದರೆ ಕಥೆ ಅಲ್ಲಿಗೇ ನಿಲ್ತಿತ್ತು.

(5/8)

ಈಗ ನಮ್ಮ ಕಡೆಗೆ ಬರೋಣ.

1974ರಲ್ಲಿ ಕೇಂದ್ರ ಸರ್ಕಾರ ಮಕ್ಕಳ ರಾಷ್ಟ್ರೀಯ ನೀತಿ ತಂದಿತು. ಮಾರನೇ ವರ್ಷ ಗಾಂಧಿ ಜಯಂತಿಯಂದೇ ಐಸಿಡಿಎಸ್. 33 ಯೋಜನೆಗಳಲ್ಲಿ 18 ಗ್ರಾಮೀಣ, 11 ಬುಡಕಟ್ಟು ಪ್ರದೇಶ, 4 ನಗರ. ಕರ್ನಾಟಕದಲ್ಲಿ ಮೊದಲು ಶುರುವಾಗಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ, 100 ಅಂಗನವಾಡಿಗಳೊಂದಿಗೆ. ನಮ್ಮ ಕಾಲೇಜಿನ ಅರ್ಧ ಜನ ಆ ದಾರಿಯ ಬಸ್ಸಲ್ಲೇ ಬರ್ತೀರ. ಕಾವೇರಿ ಕಪಿಲಾ ಸಂಗಮ, ಕುಂಭಮೇಳ ಎಲ್ಲ ರೀಲ್ಸ್ ಮಾಡಿದ್ದೀರ. ಇದನ್ನ ಮಾಡಿದವರು ಯಾರೂ ಇಲ್ಲ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿ, ದೇಶದಲ್ಲಿ ಸುಮಾರು 14 ಲಕ್ಷ.

ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಇವರಿಂದ ಆಗಬೇಕಾದ ಕೆಲಸ ಆರು ತರಹ. ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸೋದು, ತಾಯಂದಿರಿಗೆ ಆಹಾರ ಆರೋಗ್ಯದ ತಿಳಿವಳಿಕೆ, ಮತ್ತೆ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ. ಇಷ್ಟಕ್ಕೆ 1975ರಲ್ಲಿ ತಿಂಗಳಿಗೆ ಕೊಟ್ಟಿದ್ದು, ಎಸ್ಸೆಸ್ಸೆಲ್ಸಿ ಆದ ಕಾರ್ಯಕರ್ತೆಗೆ 150 ರೂಪಾಯಿ, ಆಗದವರಿಗೆ 100. ಸಹಾಯಕಿಗೆ 35.

ಗಮನಿಸಿ, ಇದು ಸಂಬಳ ಅಲ್ಲ. ಗೌರವಧನ. ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಹೇಳೋದಾದರೆ, ಯಾವ ಹೆಡ್‌ನಲ್ಲಿ ಬರೀತೀವಿ ಅನ್ನೋದೇ ದೊಡ್ಡ ವಿಷಯ. ಗೌರವ ಅಂತ ಬರೆದರೆ ಪಿಎಫ್ ಬೇಡ, ಪಿಂಚಣಿ ಬೇಡ, ಬಡ್ತಿ ಬೇಡ. ಈ ಒಂದು ಪದ ಮುಂದೆ ಎಷ್ಟು ಕಾಟ ಕೊಡ್ತು ಅಂತ 7ನೇ ಪೋಸ್ಟ್‌ನಲ್ಲಿ ನೋಡಿ.

ನಮ್ಮೂರಿನ ಅಂಗನವಾಡಿ ಮೊದಲು ಮಾರಮ್ಮನ ಗುಡಿ ಜಗಲಿಯಲ್ಲಿ ನಡೀತಿತ್ತಂತೆ. ಮಳೆ ಬಂದರೆ ರಜ. ಜಾತ್ರೆ ಬಂದರೆ ರಜ. ಆಮೇಲೆ ಊರಿನವರೊಬ್ಬರು ಹಿತ್ತಿಲ ಜಾಗ ಬಿಟ್ಟುಕೊಟ್ಟು, ಪಂಚಾಯ್ತಿ ಗೋಡೆ ಎಬ್ಬಿಸಿ, ಹೆಂಗಸರ ಸಂಘದವರು ನೆಲಕ್ಕೆ ದುಡ್ಡು ಹಾಕಿ ಕಟ್ಟಡ ಆಯ್ತು. ಗೃಹಪ್ರವೇಶದ ಹಾಗೆ ಹಾಲುಕ್ಕಿಸಿದರಂತೆ. ಆ ಹಾಲಿನ ಪಾತ್ರೆ ಈಗಲೂ ಅಲ್ಲೇ ಇದೆ, ಅದರಲ್ಲೇ ಸಾಂಬಾರು ಮಾಡೋದು.

(6/8)

ಇದು ಉದ್ದ ಪೋಸ್ಟ್, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ಅಂಗನವಾಡಿಯಲ್ಲಿ ಯಾವಾಗ ನೋಡಿದರೂ ಏನಾದರೂ ದಿನಾಚರಣೆ ಇದ್ದೇ ಇರುತ್ತಲ್ಲ, ಇದೆಲ್ಲ ಯಾಕೆ, ಬರೀ ಫೋಟೋಗಾ? ನಾನೂ ಹಾಗೇ ಅಂದುಕೊಂಡಿದ್ದೆ. ಹೈಸ್ಕೂಲಲ್ಲಿ ಇದ್ದಾಗ ದೊಡ್ಡಮ್ಮನಿಗೆ ಅಂದೇಬಿಟ್ಟೆ, 'ಪಾಠ ಮಾಡೋದು ಬಿಟ್ಟು ಬರೀ ಹಬ್ಬ ಮಾಡ್ತೀರಲ್ಲ ದೊಡ್ಡಮ್ಮ' ಅಂತ. ಅವರು ಬಣ್ಣದ ಪೇಪರ್ ಕತ್ತರಿಸ್ತಾ ಇದ್ದರು. 'ನೀ ಬಂದು ತೂಕದ ದಿನ ಕರ್ದು ನೋಡು, ಎಷ್ಟ್ ಜನ ಬತ್ತಾರೆ ಅಂತ. ಆಮೇಲೆ ಸೀಮಂತ ಅಂತ ಕರ್ದು ನೋಡು' ಅಂದರು. ಅಷ್ಟೇ.

ಅರ್ಥ ಆಗೋಕೆ ನನಗೆ ನಾಲ್ಕು ವರ್ಷ ಬೇಕಾಯ್ತು.

2018ರಲ್ಲಿ ಪೋಷಣ್ ಅಭಿಯಾನ ಬಂದ ಮೇಲೆ ಅಂಗನವಾಡಿಗಳಲ್ಲಿ ತಿಂಗಳಿಗೆ ಎರಡು ಸಲ ಸಮುದಾಯದ ಕಾರ್ಯಕ್ರಮ ಮಾಡೋ ಪದ್ಧತಿ ಬಂತು. ಗರ್ಭಿಣಿಯರಿಗೆ ಸೀಮಂತ, ಆರು ತಿಂಗಳ ಕೂಸಿಗೆ ಅನ್ನಪ್ರಾಶನ, ಮೂರು ವರ್ಷ ತುಂಬಿದ ಮಗು ಅಂಗನವಾಡಿಗೆ ಸೇರೋ ದಿನ. ಸೆಪ್ಟೆಂಬರ್ ಪೂರ್ತಿ ಪೋಷಣ ಮಾಸ. ಹೊರಗಿನಿಂದ ನೋಡಿದರೆ ಅರಿಶಿನ ಕುಂಕುಮ, ಬಳೆ, ಹೂವು. ಒಳಗೆ ನಡೆಯೋದು ಬೇರೆ. ಸೀಮಂತಕ್ಕೆ ಅಂತ ಬಂದ ಹುಡುಗಿಯ ತೂಕ ನೋಡ್ತಾರೆ, ತಾಯಿ ಕಾರ್ಡ್ ತೆಗೆಸ್ತಾರೆ, ಕಬ್ಬಿಣದ ಮಾತ್ರೆ ನುಂಗ್ತಾ ಇದ್ದೀಯಾ ಇಲ್ವಾ ಅಂತ ಮೆಲ್ಲಗೆ ಕೇಳ್ತಾರೆ. ಜೊತೆಗೆ ಅತ್ತೆಯೂ ಬಂದಿರ್ತಾಳೆ. ಅದೇ ಮುಖ್ಯ. ಮನೆಯಲ್ಲಿ ಮೊಟ್ಟೆ ತಿನ್ನಬೇಕೋ ಬೇಡವೋ ಅಂತ ತೀರ್ಮಾನ ಮಾಡೋದು ಸೊಸೆ ಅಲ್ಲ, ಅತ್ತೆ. ಹಬ್ಬ ಅಂತ ಕರೆದರೆ ಅತ್ತೆ ಬರ್ತಾಳೆ, ಸಭೆ ಅಂತ ಕರೆದರೆ ಬರಲ್ಲ.

ಅನ್ನಪ್ರಾಶನವೂ ಹಾಗೇ. ಆರು ತಿಂಗಳಾದ ಮೇಲೆ ಎದೆಹಾಲು ಒಂದೇ ಸಾಲಲ್ಲ, ಮೆತ್ತಗೆ ಮಾಡಿದ ಊಟ ಶುರು ಮಾಡಬೇಕು ಅಂತ ಚಾರ್ಟ್ ಹಿಡಿದು ಹೇಳಬಹುದು. ಇಲ್ಲ, ಹತ್ತು ಜನ ಹೆಂಗಸರ ಎದುರಿಗೆ ಆ ಕೂಸಿನ ಬಾಯಿಗೆ ಬೆಳ್ಳಿ ಚಮಚದಲ್ಲಿ ರಾಗಿ ಸರಿ ಇಡಬಹುದು. ನಮ್ಮೂರಲ್ಲಿ ಬೆಳ್ಳಿ ಚಮಚ ಒಂದೇ ಇರೋದು, ಒಂದು ಮನೆಯವರು ಕೊಡ್ತಾರೆ, ಎಲ್ಲ ಕೂಸಿಗೂ ಅದೇ. ಯಾವ ಜಾತಿ ಕೂಸು ಅಂತ ಆ ಮನೆಯವರು ಮೊದಮೊದಲು ಕೇಳ್ತಿದ್ದರಂತೆ. ದೊಡ್ಡಮ್ಮ ಅದಕ್ಕೆ ಉತ್ತರ ಕೊಡದೆ ಚಮಚ ತೊಳೆದು ವಾಪಸ್ ಕೊಡ್ತಿದ್ದರಂತೆ. ಈಗ ಯಾರೂ ಕೇಳಲ್ಲ. ಇದನ್ನ ಯಾವ ರಿಜಿಸ್ಟರಿನಲ್ಲೂ ಬರೆಯೋ ಕಾಲಂ ಇಲ್ಲ. ನನ್ನ ಕೇಳಿದರೆ ನಮ್ಮೂರು ಕಳೆದ ಇಪ್ಪತ್ತು ವರ್ಷದಲ್ಲಿ ಮಾಡಿದ ದೊಡ್ಡ ಸಾಧನೆ ಇದೇ.

ಇನ್ನು ಮಕ್ಕಳ ದಿನಾಚರಣೆ. ಪ್ರಪಂಚಕ್ಕೆಲ್ಲ ನವೆಂಬರ್ 20. ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಘೋಷಣೆ ಮಾಡಿದ್ದು 1959ರ ನವೆಂಬರ್ 20ರಂದು, ಒಡಂಬಡಿಕೆ ಒಪ್ಪಿದ್ದು 1989ರ ಅದೇ ದಿನ. ನಮ್ಮಲ್ಲಿ 1964ರಲ್ಲಿ ನೆಹರೂ ತೀರಿಕೊಂಡ ಮೇಲೆ ಅವರು ಹುಟ್ಟಿದ ನವೆಂಬರ್ 14 ಗಟ್ಟಿಯಾಯ್ತು. ನಮ್ಮ ಅಂಗನವಾಡಿಯಲ್ಲಿ ಅವತ್ತು ಕೇಸರಿಬಾತು, ಚಿತ್ರಾನ್ನ. ಗುಲಾಬಿ ಹೂವಿಗೆ ದುಡ್ಡು ಸಾಲದೆ ಕಣಗಿಲೆ ಹೂವು ಸಿಕ್ಕಿಸಿದ ನೆಹರೂಗಳನ್ನ ನಾನು ಕಂಡಿದ್ದೀನಿ.

ಬಣ್ಣದ ಪೇಪರ್, ಗೋಂದು, ಕೇಸರಿಬಾತಿನ ತುಪ್ಪ, ಇವುಗಳ ದುಡ್ಡು ಎಷ್ಟೋ ಸಲ ದೊಡ್ಡಮ್ಮನ ಕೈಯಿಂದಲೇ. ದೊಡ್ಡಪ್ಪ ಬೈತಾರೆ. ಬೈದು, ಸಂಜೆ ಅವರೇ ಏಣಿ ಹತ್ತಿ ತೋರಣ ಕಟ್ಟಿ ಬರ್ತಾರೆ.

(7/8)

ಈಗ ನನಗೆ ನಿದ್ದೆ ಕೆಡಿಸಿದ ಒಂದು ವಾರದ ಕಥೆ. ಬಿಸಿನೆಸ್ ಲಾ ಅಸೈನ್‌ಮೆಂಟಿಗೆ ಅಂತ ಹುಡುಕ್ತಾ ಇದ್ದಾಗ ಸಿಕ್ಕಿದ್ದು.

2001ರಲ್ಲಿ ರಾಜಸ್ಥಾನದಲ್ಲಿ ಬರ. ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕ್ತಿತ್ತು, ಹಳ್ಳಿಗಳಲ್ಲಿ ಜನ ಹಸಿದಿದ್ದರು. ಪಿಯುಸಿಎಲ್ ಅನ್ನೋ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ವರ್ಷ ನವೆಂಬರ್ 28ರಂದು ಕೋರ್ಟು ಕೊಟ್ಟ ಆದೇಶದಲ್ಲಿ ಅಂಗನವಾಡಿಯ ಊಟ ಸರ್ಕಾರ ಮನಸ್ಸು ಬಂದರೆ ಕೊಡೋ ದಾನ ಅಲ್ಲ, ಆರು ವರ್ಷದೊಳಗಿನ ಎಲ್ಲ ಮಕ್ಕಳಿಗೆ ಸೇರಬೇಕಾದದ್ದು ಅಂತ ಆಯ್ತು. ಪ್ರತಿ ಜನವಸತಿಗೂ ಒಂದು ಕೇಂದ್ರ ಬೇಕು ಅಂತಲೂ ಆಯ್ತು. ಬಿಸಿಯೂಟದ ಪ್ರಸಿದ್ಧ ಆದೇಶ ಬಂದಿದ್ದೂ ಅವತ್ತೇ.

ಆ ಕೇಸು ಮುಂದುವರೀತಾ 2006ರ ಡಿಸೆಂಬರ್ 13ಕ್ಕೆ ಬಂತು. ಅವತ್ತಿನ ತೀರ್ಪು ಹೇಳಿದ್ದು ಇದು. ಯಾವುದೇ ಹಳ್ಳಿ ಅಥವಾ ಕೊಳೆಗೇರಿಯಲ್ಲಿ ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿದ್ದು ಅಂಗನವಾಡಿ ಇಲ್ಲದಿದ್ದರೆ, ಜನ ಕೇಳಿದ ಮೂರು ತಿಂಗಳೊಳಗೆ ಕೊಡಬೇಕು. ಕೇಳಿದರೆ ಅಂಗನವಾಡಿ! ಯಾರಾದರೂ ದಿನಾಚರಣೆ ಮಾಡಬೇಕಾದ ದಿನ ಇದ್ದರೆ ಅದು ಡಿಸೆಂಬರ್ 13 ಅಂತ ನಾನು ಕುಣಿದಾಡಿದೆ.

ಆಮೇಲೆ ಇನ್ನೊಂದು ತೀರ್ಪು ಕಣ್ಣಿಗೆ ಬಿತ್ತು. ಅದೇ ಸುಪ್ರೀಂ ಕೋರ್ಟು, ಅದೇ ತಿಂಗಳು, ಡಿಸೆಂಬರ್ 7. ಆರೇ ದಿನ ಮುಂಚೆ. ಕೇಸಿನ ಹೆಸರು ಕರ್ನಾಟಕ ರಾಜ್ಯ ವಿರುದ್ಧ ಅಮೀರ್‌ಬಿ. ಹೌದು, ನಮ್ಮ ರಾಜ್ಯದ್ದೇ. ಪ್ರಶ್ನೆ ಇಷ್ಟು: ಅಂಗನವಾಡಿ ಕಾರ್ಯಕರ್ತೆ ಸರ್ಕಾರಿ ಹುದ್ದೆಯಲ್ಲಿ ಇದ್ದಾಳಾ? ಅವಳಿಗೆ ಅನ್ಯಾಯವಾದರೆ ಸರ್ಕಾರಿ ನೌಕರರ ಹಾಗೆ ಆಡಳಿತ ನ್ಯಾಯಮಂಡಳಿಗೆ ಹೋಗಬಹುದಾ? ನಮ್ಮ ರಾಜ್ಯದ ನ್ಯಾಯಮಂಡಳಿ ಹೌದು ಅಂದಿತ್ತು. ಸರ್ಕಾರ ಅದರ ವಿರುದ್ಧ ದಿಲ್ಲಿಗೆ ಹೋಯಿತು. ಸುಪ್ರೀಂ ಕೋರ್ಟು ಇಲ್ಲ ಅಂದಿತು. ಇದು ಯೋಜನೆಯಡಿಯ ಕೆಲಸ, ಅವರು ಪಡೆಯೋದು ಗೌರವಧನ, ಸರ್ಕಾರಿ ಹುದ್ದೆ ಅಲ್ಲ.

ಪಕ್ಕಪಕ್ಕದಲ್ಲಿ ಇಟ್ಟು ಓದಿ. ಡಿಸೆಂಬರ್ 13: ಅಂಗನವಾಡಿ ಮಗುವಿನ ಹಕ್ಕು. ಡಿಸೆಂಬರ್ 7: ಅದನ್ನ ನಡೆಸೋಳದ್ದು ಹುದ್ದೆ ಅಲ್ಲ.

ಕಾನೂನಿನ ಪ್ರಕಾರ ಎರಡೂ ಬೇರೆ ಬೇರೆ ಪ್ರಶ್ನೆ, ನ್ಯಾಯಾಧೀಶರೂ ಬೇರೆ, ಒಪ್ಕೋತೀನಿ. ಅಮೀರ್‌ಬಿ ತೀರ್ಪಿನ ವಾದವೂ ಅರ್ಥ ಆಗದೇ ಇರೋದಲ್ಲ. ಆದರೆ ಹಕ್ಕು ತಾನಾಗೇ ಅನ್ನ ಬೇಯಿಸಲ್ಲ. 2006ರ ಡಿಸೆಂಬರ್‌ನಲ್ಲಿ ನಾನು ಒಂದು ವರ್ಷದ ಕೂಸು. ಆ ವಾರವೂ ದೊಡ್ಡಮ್ಮ ಕೇಂದ್ರ ತೆರೆದಿರ್ತಾರೆ, ತೂಕ ನೋಡಿರ್ತಾರೆ, ಬಹುಶಃ ನನ್ನದೇ ತೂಕ. ಅವರಿಗೆ ಎರಡು ತೀರ್ಪೂ ಗೊತ್ತಿರಲಿಲ್ಲ. ಮೊನ್ನೆ ನಾನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಲವತ್ ಮಕ್ಳಾ? ನಮ್ಮೂರಲ್ಲಿ ಆಗ ಐವತ್ತೆರಡಿತ್ತು' ಅಂದರು.

(8/8)

ಕೊನೆಯ ಪೋಸ್ಟ್. ಲೆಕ್ಕ ಬರುತ್ತೆ ಅಂದಿದ್ದೆನಲ್ಲ.

ಕಥೆ ಮತ್ತೆ ಗುಜರಾತಿಗೆ ಹೋಗುತ್ತೆ, ಗಿಜುಭಾಯಿ ಶುರು ಮಾಡಿದ ರಾಜ್ಯಕ್ಕೇ. ದಾಹೋದ್ ಕಡೆಯ ನಿವೃತ್ತ ಅಂಗನವಾಡಿ ಹೆಂಗಸರು ನಮಗೆ ಗ್ರಾಚ್ಯುಟಿ ಕೊಡಿ ಅಂತ ಕೇಳಿದರು. ಗ್ರಾಚ್ಯುಟಿ ಅಂದರೆ ತುಂಬ ವರ್ಷ ದುಡಿದು ಬಿಡುವಾಗ ಕಾನೂನು ಪ್ರಕಾರ ಕೊಡಬೇಕಾದ ಇಡಿಗಂಟು, ಆಗ ಇದ್ದದ್ದು 1972ರ ಕಾಯ್ದೆ. ಹೈಕೋರ್ಟಿನ ವಿಭಾಗೀಯ ಪೀಠದಲ್ಲಿ ಸೋತರು. ಬಿಡಲಿಲ್ಲ. 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟು ಅವರ ಕಡೆ ತೀರ್ಪು ಕೊಟ್ಟಿತು. ಗೌರವಧನ ಅಂತ ಹೆಸರಿಟ್ಟ ಮಾತ್ರಕ್ಕೆ ಅದು ಕೂಲಿ ಅಲ್ಲದೆ ಹೋಗಲ್ಲ, ಅಂಗನವಾಡಿಗೂ ಗ್ರಾಚ್ಯುಟಿ ಕಾಯ್ದೆ ಅನ್ವಯ ಆಗುತ್ತೆ ಅಂತ. ಅಮೀರ್‌ಬಿ ತೀರ್ಪು ಹುದ್ದೆಯ ಬಗ್ಗೆ, ಇದು ಗ್ರಾಚ್ಯುಟಿ ಬಗ್ಗೆ, ಅದನ್ನ ಇದಕ್ಕೆ ಅಡ್ಡ ತರೋಕಾಗಲ್ಲ ಅಂತ ಆಯ್ತು. 47 ವರ್ಷ ಬೇಕಾಯ್ತು ಒಂದು ಪದದ ಅರ್ಥ ಬದಲಾಗೋಕೆ.

ಸೂತ್ರ ನಿಮಗೆ ಗೊತ್ತಿರೋದೇ, ಪರೀಕ್ಷೆಗೆ ಬರುತ್ತೆ. ಕೊನೆಯ ತಿಂಗಳ ಕೂಲಿ × 15 × ಸೇವೆಯ ವರ್ಷ ÷ 26. ಲೆಕ್ಕ ಸುಲಭ ಆಗಲಿ ಅಂತ ಕೊನೆಯ ತಿಂಗಳದ್ದು 10,000, ಸೇವೆ 25 ವರ್ಷ ಅಂತ ಇಟ್ಕೊಳ್ಳಿ. 1,44,230 ರೂಪಾಯಿ ಬರುತ್ತೆ, ಚಿಲ್ಲರೆ ಬಿಟ್ಟು. 25 ವರ್ಷಕ್ಕೆ. ನಮ್ಮ ಕ್ಲಾಸಿನ ಕೆಲವರ ಬೈಕಿನ ಬೆಲೆ.

ಈ ಲೆಕ್ಕ ನಾನು ದೊಡ್ಡಮ್ಮನ ಮನೆ ಜಗಲಿಯಲ್ಲಿ ಕೂತು, ಅವರ ನಿಜವಾದ ಅಂಕಿ ಹಾಕಿ, ಪೆನ್ಸಿಲಿನಲ್ಲಿ ಮಾಡಿಕೊಟ್ಟೆ. ಅವರು ಸೇರಿದ್ದು 1999ರಲ್ಲಿ. ಮುಂದಿನ ವರ್ಷ ನಿವೃತ್ತಿ. ಚೀಟಿಯನ್ನ ಎರಡು ಸಲ ಮಡಚಿ ಬ್ಯಾಂಕ್ ಪಾಸ್‌ಬುಕ್ಕಿನೊಳಗೆ ಇಟ್ಕೊಂಡರು.

ಒಂದು ಸಂಗತಿ ಹೇಳಲೇಬೇಕು. ಎರಡು ವರ್ಷದ ಹಿಂದೆ ಒಂದು ಕಡೆ ಅಂಗನವಾಡಿಗಳದ್ದೇ ಕಾರ್ಯಕ್ರಮ ಇತ್ತು, ಎಲ್ಲಿ, ಯಾರದ್ದು ಅಂತ ಬೇಡ. ವೇದಿಕೆ ಮೇಲಿನ ಹನ್ನೊಂದು ಜನಕ್ಕೂ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಕಾರ್ಯಕರ್ತೆಯರ ಸಾಧನೆಯನ್ನ ಎಲ್ಲರೂ ಬಾಯಿತುಂಬ ಹೊಗಳಿದರು. ನಾನು ಹಿಂದಿನ ಸಾಲಿನಲ್ಲಿ ದೊಡ್ಡಮ್ಮನನ್ನ ಹುಡುಕ್ತಾ ಇದ್ದೆ. ಅವರು ಶಾಮಿಯಾನದ ಹಿಂದೆ ಮಕ್ಕಳಿಗೆ ಊಟ ಬಡಿಸ್ತಾ ಇದ್ದರು, ಇನ್ನೂ ಇಪ್ಪತ್ತು ಜನ ಕಾರ್ಯಕರ್ತೆಯರ ಜೊತೆ. ಭಾಷಣ ಕೇಳಿಸ್ತಾ ಅಂದರೆ, 'ಮೈಕ್ ಸೌಂಡ್ ಜಾಸ್ತಿ ಇತ್ತು, ಕೂಸುಗಳು ಹೆದರ್ತಿದ್ವು' ಅಂದರು.

ಅದಕ್ಕೇ ಈ ಅಕ್ಟೋಬರ್ 2ಕ್ಕೆ ನಾವು ನಾಲ್ಕು ಜನ ಫ್ರೆಂಡ್ಸ್ ಒಂದು ಕೆಲಸ ಮಾಡ್ತಾ ಇದ್ದೀವಿ. ದೊಡ್ಡಮ್ಮ 27 ವರ್ಷದಲ್ಲಿ ಕಲಿಸಿದ ಮಕ್ಕಳ ಹೆಸರು ಹಾಜರಿ ಪುಸ್ತಕಗಳಲ್ಲಿದೆ. ಕೆಲವು ಪುಸ್ತಕ ಗೆದ್ದಲು ತಿಂದಿದೆ, ಉಳಿದದ್ದರಿಂದ ಪಟ್ಟಿ ಮಾಡ್ತಾ ಇದ್ದೀವಿ. ಒಬ್ಬಳು ಈಗ ನರ್ಸು. ಒಬ್ಬ ಕೆಎಸ್ಸಾರ್ಟಿಸಿ ಕಂಡಕ್ಟರ್. ಸ್ಟೀಲ್ ಲೋಟ ಸಿಗದೆ ಅತ್ತ ಸುಭಾಷ್ ಚಂದ್ರ ಬೋಸ್ ಐಟಿಐ ಮುಗಿಸಿ ನಂಜನಗೂಡಿನ ಕಾರ್ಖಾನೆಯಲ್ಲಿದ್ದಾನೆ, ಬರ್ತೀನಿ ಅಂದಿದ್ದಾನೆ. ಅವನಿಗೆ ಲೋಟ ತಂದಿಟ್ಟಿದ್ದೀನಿ, ಹೇಳ್ಬೇಡಿ.

ನಿಮ್ಮಿಂದ ಒಂದು ಸಹಾಯ. ನೀವು ಅಂಗನವಾಡಿಗೆ ಹೋದವರಾದರೆ ಮನೆಯ ಹಳೇ ಆಲ್ಬಮ್ ತೆಗೆಯಿರಿ. ಆಗಸ್ಟ್ 15, ನವೆಂಬರ್ 14, ಯಾವುದಾದರೂ ಸರಿ. ವೇಷ ಹಾಕಿದ ನಿಮ್ಮನ್ನ ನೋಡೋದು ಬಿಟ್ಟು ಫೋಟೋದ ಅಂಚು ನೋಡಿ. ಅಲ್ಲಿ ಒಂದು ಕೈ, ಸೀರೆ ಸೆರಗು, ಅರ್ಧ ಮುಖ ಏನಾದರೂ ಸಿಕ್ಕರೆ ನನಗೆ ಡಿಎಂ ಮಾಡಿ, ವರ್ಷ ಮತ್ತೆ ತಾಲ್ಲೂಕು ಬರೆದು. ಟೀಚರ್ ಹೆಸರು ಹಾಕೋ ಮುಂಚೆ ಅವರನ್ನ ಒಂದು ಮಾತು ಕೇಳಿ. ತಿ. ನರಸೀಪುರದ ಮೊದಲ 100 ಅಂಗನವಾಡಿಗಳಲ್ಲಿ ಕಲಿತವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ, ಅವರಿಗೆ ಈಗ ಐವತ್ತು ದಾಟಿರುತ್ತೆ, ದಯವಿಟ್ಟು ಅವರ ಹತ್ತಿರ ಇವತ್ತೇ ಕೇಳಿ, ಅಲ್ಲಿ ಮೊದಲ ದಿನ ತಿನ್ನೋಕೆ ಏನು ಕೊಟ್ಟಿದ್ದರು ಅಂತ.